ಪಾಲಿನ ಗಂಜಿ

ನಮ್ಮೂರಲ್ಲಿ ಜ್ವರ ಬಂದವರು ಗಂಜಿಯನ್ನು ಪೂರ್ತಿ ಕುಡಿಯುವುದಿಲ್ಲ. ಅರ್ಧ ಕುಡಿದು ಬಟ್ಟಲನ್ನು ಹೊಸ್ತಿಲ ಮೇಲೆ ಇಡುತ್ತಾರೆ. ಮಿಕ್ಕಿದ್ದನ್ನು ಯಾರು ಕುಡಿಯುತ್ತಾರೋ ಅವರಿಗೆ ಅರ್ಧ ಜ್ವರ ದಾಟುತ್ತದೆ. ಆಮೇಲೆ ಎರಡು ಮೈ ಸೇರಿಕೊಂಡು ಒಂದು ರೋಗದ ಜೊತೆ ಗುದ್ದಾಡುತ್ತವೆ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಇದರಲ್ಲಿ ಕಣ್ಣರಳಿಸುವಂಥದ್ದು ಏನೂ ಇಲ್ಲ. ನಮ್ಮ ಜಗಳಗಳೆಲ್ಲ ಯಾರ ಬಟ್ಟಲನ್ನು ಯಾರು ಮುಟ್ಟಲಿಲ್ಲ ಅನ್ನುವುದರ ಮೇಲೆ. ಅಣ್ಣತಮ್ಮಂದಿರು ಆಸ್ತಿಗೆ ಮಾತು ಬಿಟ್ಟರೆ ಎಂದಾದರೊಂದು ದಿನ ಸರಿಹೋಗುತ್ತಾರೆ, ಗಂಜಿಗೆ ಮಾತು ಬಿಟ್ಟರೆ ಹೆಣ ಎತ್ತುವ ದಿನವೂ ಬರುವುದಿಲ್ಲ. ಸಂಬಂಧ ನೋಡಲು ಹೋದರೆ ಹುಡುಗನಿಗೆ ಏನು ಕೆಲಸ ಎಂದು ಕೇಳುವ ಮೊದಲು ಟೈಫಾಯಿಡ್ ಆಗಿದೆಯಾ, ಅಮ್ಮ ಬಂದು ಹೋಗಿದೆಯಾ ಎಂದು ಕೇಳುತ್ತಾರೆ. ಆಗಿದೆ ಅಂದರೆ ಹುಡುಗನಿಗೆ ಬೆಲೆ. ರೋಗವನ್ನು ಒಂದು ಸಲ ಕಂಡ ಮೈ ಅದನ್ನು ಮರೆಯುವುದಿಲ್ಲ, ಮತ್ತೆ ಬಂದರೆ ಬಾಗಿಲಲ್ಲೇ ಹಿಡಿದು ಬಡಿಯುತ್ತದೆ ಎನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು.

ಪಾಲು ಕುಡಿಯುವುದರಲ್ಲಿ ನಮ್ಮ ಬೀದಿಗೇ ಎತ್ತಿದ ಕೈ ಎಂದರೆ ನಮ್ಮತ್ತೆ ಹೊಂಬಾಳಮ್ಮ, ನನ್ನ ಹೆಂಡತಿ ಮಾದೇವಿಯ ತಾಯಿ. ಗಂಡ ತೀರಿಕೊಂಡ ಮೇಲೆ ತಲೆ ಮೇಲೆ ಸೊಪ್ಪಿನ ಪುಟ್ಟಿ ಹೊತ್ತು ಮಗಳನ್ನು ಸಾಕಿದವಳು. ಎಳೆಗೂಸಿನ ಜ್ವರವಿರಲಿ, ಬಾಣಂತಿಯ ನಂಜಿರಲಿ, ಕರೆದವರ ಮನೆಗೆ ಹೋಗಿ ನಿಂತುಕೊಂಡೇ ಬಟ್ಟಲು ಎತ್ತಿ ಗಟಗಟ ಕುಡಿದು, ಸೆರಗಲ್ಲಿ ಬಾಯೊರೆಸಿಕೊಂಡು, 'ದಂಟಿನ ಸೊಪ್ಪು ಬೇಕೇನವ್ವ?' ಎಂದು ಕೇಳುವವಳು. ಮರುದಿನ ಮೈ ಕಾದ ಹಂಚಾಗಿದ್ದರೂ ಪುಟ್ಟಿ ಇಳಿಸುತ್ತಿರಲಿಲ್ಲ. 'ಜ್ವರ ನನ್ನ ಕಂಡ್ರೆ ಚಪ್ಪಲಿ ಕೈಲಿ ಹಿಡ್ಕಂಡು ಓಡ್ತದೆ ಕಣ್ರವ್ವ' ಅನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಮೊದಲ ತಾಂಬೂಲ ಅವಳಿಗೆ. ಅವಳು ಬಂದು ಕೂತರೆ ಹೆಂಗಸರು ಜರುಗಿ ಜಾಗ ಬಿಡುತ್ತಿದ್ದರು.

ಇಂಥವಳ ಅಳಿಯ ನಾನು, ಬೋರೇಶ. ಶಾಮಿಯಾನ ಕಟ್ಟುವವನು. ಒಂದು ನಾಮಕರಣದ ಚಪ್ಪರ ಕಟ್ಟುವಾಗ ಕಂಬದ ತುದಿಯಿಂದ ಬಿದ್ದು ಸೊಂಟ ಮುರಿದುಕೊಂಡೆ. ಆಸ್ಪತ್ರೆಯಲ್ಲಿ ನೋವಿಗೆ ಸೂಜಿ ಚುಚ್ಚಿದರು. ಸೊಂಟ ಕೂಡಿತು, ಸೂಜಿ ಬಿಡಲಿಲ್ಲ. ಮೊದಮೊದಲು ನೋವಿಗೆ ಅಂತ ಹೇಳಿಕೊಂಡೆ, ಆಮೇಲೆ ನಿದ್ದೆಗೆ ಅಂದೆ, ಆಮೇಲೆ ಹೇಳಿಕೊಳ್ಳುವುದನ್ನೇ ಬಿಟ್ಟೆ. ಸೂಜಿ ಸಿಗದ ದಿನ ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನೀರು, ಮೂಳೆಯೊಳಗೆ ಇರುವೆ ಹರಿದ ಹಾಗೆ. ಕಾಲು ಚಾಚಿದರೂ ಆಗದು, ಮಡಿಚಿದರೂ ಆಗದು. ಮನೆಯ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ನಾಪತ್ತೆಯಾದವು. ಮಾದೇವಿ ಕೇಳಿದರೆ ನನಗೇನು ಗೊತ್ತು ಎಂದು ಅವಳ ಮೇಲೇ ಕೂಗಾಡುತ್ತಿದ್ದೆ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿ 'ಅಳಿಯಂದ್ರು' ಎಂದು ಬಹುವಚನಕ್ಕೆ ಏರಿಸಿದಳು. 'ಅಳಿಯಂದ್ರು ಎದ್ರಾ? ಅಳಿಯಂದ್ರಿಗೆ ಇವತ್ತು ಯಾವ ಪಾತ್ರೇಲಿ ಕಾಫಿ ಕೊಡ್ಲಿ, ಒಂದಾದ್ರೂ ಮಡಗಿದ್ದೀರಾ?' ಎಂದು ದಿನಾ ನಮ್ಮ ಮನೆಗೆ ಬಂದು ಬೀದಿಗೆ ಕೇಳುವ ಹಾಗೆ ಕೇಳುತ್ತಿದ್ದಳು. ಅವಳ ಬಾಯಿಗೆ ಹೆದರಿ ನಾನು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೆ.

ಮಾದೇವಿ ಎಂಟು ತಿಂಗಳ ಬಸುರಿಯಾಗಿದ್ದಾಗ ನನ್ನ ಎಡಗೈ ಊದಿಕೊಂಡಿತು. ಚುಚ್ಚಿದ ಜಾಗ ಕೆಂಪಾಗಿ, ಆಮೇಲೆ ಕಪ್ಪಾಗಿ, ಕೀವು ತುಂಬಿತು. ಚಟ ಬಿಡಿಸುವ ವಾರ್ಡಿನ ಡಾಕ್ಟರ್ ತಬಸ್ಸುಮ್ ಕೈ ನೋಡಿ ನಾಲಗೆ ಕಚ್ಚಿಕೊಂಡರು. ಕೊಯ್ದು ಕೀವು ತೆಗೆದರು, ಔಷಧಿ ಹಾಕಿದರು. 'ಜ್ವರ ಅಂದ್ರೆ ಮೈ ಕಾದಾಡ್ತಾ ಇದೆ ಅಂತ ಅರ್ಥ ಬೋರೇಶ. ನಿನ್ನ ಮೈಗೆ ಸರಿಯಾಗಿ ಜ್ವರ ಬರ್ಸೋಕೂ ಶಕ್ತಿ ಇಲ್ಲ. ಹಸಿ ಸೌದೆ ಥರ ಬರೀ ಹೊಗೆ ಆಡ್ತಿದೆ. ಈ ಸೂಜಿ ನಿನ್ನ ಕಾವಲಿನವರಿಗೆಲ್ಲ ಮಂಪರು ಹಿಡಿಸಿಬಿಟ್ಟಿದೆ' ಎಂದರು. ಪಾಲು ಕುಡಿಯುವವರು ಸಿಕ್ಕರೆ ಸುಲಭವಾಗಿ ಬದುಕಬಹುದಿತ್ತು. ಆದರೆ ಆ ವಾರ್ಡಿನ ಬಟ್ಟಲುಗಳಿಗೆ ಕೆಂಪು ದಾರ ಕಟ್ಟಿರುತ್ತಾರೆ. ಕೆಂಪು ದಾರದ ಬಟ್ಟಲನ್ನು ಬೇರೆಯವರು ಕುಡಿಯುವಂತಿಲ್ಲ, ಏಕೆಂದರೆ ಜ್ವರದ ಜೊತೆ ಚಟವೂ ಅರ್ಧ ದಾಟುತ್ತದೆ. ಹಿಂದೆ ಒಬ್ಬ ಅಕ್ಕಿ ಗಿರಣಿ ಸಾಹುಕಾರ ಹೀಗೇ ತನ್ನ ಕುಡಿತವನ್ನು ಮೂಟೆ ಹೊರುವ ಆಳುಗಳಿಗೆಲ್ಲ ಗಂಜಿಯಲ್ಲಿ ಹಂಚಿ, ತಾನು ಶುದ್ಧನಾಗಿ ದೇವಸ್ಥಾನದ ಧರ್ಮದರ್ಶಿ ಆಗಿದ್ದನಂತೆ. ಅದಾದ ಮೇಲೆ ದಾರ ಬಂತು. ದಾರದ ಬಟ್ಟಲನ್ನು ಯಾರಾದರೂ ಕುಡಿದದ್ದು ಗೊತ್ತಾದರೆ ರೋಗಿಯನ್ನು ವಾರ್ಡಿನಿಂದ ಆಚೆ ಹಾಕುತ್ತಾರೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ.

ಜ್ವರ ಏರುತ್ತಾ ಇಳಿಯುತ್ತಾ ನಾನು ಏನೇನೋ ಬಡಬಡಿಸುತ್ತಿದ್ದೆನಂತೆ. ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ ಮಾದೇವಿ ನನ್ನ ಅರ್ಧ ಗಂಜಿಯ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಹೊಟ್ಟೆ ಅಷ್ಟು ಮುಂದೆ ಬಂದಿದೆ, ಅದರ ಮೇಲೆ ಬಟ್ಟಲು. ಬೇಡ ಅನ್ನಲು ಬಾಯಿ ತೆರೆದೆ. ನಿಜ ಹೇಳಬೇಕೆಂದರೆ ತೆರೆದೆನೋ ಇಲ್ಲವೋ ನನಗೆ ಇವತ್ತಿಗೂ ಖಾತರಿ ಇಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯ ದನಿ ಕೇಳಿತು.

'ಮಡಗೇ ಕೆಳಗೆ! ಹೊಟ್ಟೇಲಿರೋ ಕೂಸಿಗೂ ಸೂಜಿ ಚುಚ್ಚಿಸ್ತೀಯೇನೇ, ಬುದ್ದಿಗೇಡಿ?'

'ಇನ್ಯಾರವ್ವ ಕುಡೀತಾರೆ? ಸಾಯ್ತಾನೆ ಕಣವ್ವ ಇವನು' ಎಂದು ಮಾದೇವಿ ಅತ್ತಳು.

ಅತ್ತೆ ಬಟ್ಟಲು ಕಿತ್ತುಕೊಂಡಳು. ದಾರವನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಸರಿಸಿ ನೋಡಿದಳು. 'ಅಮ್ಮನ್ನ ಕುಡ್ದಿವ್ನಿ, ವಿಷಮಶೀತ ಕುಡ್ದಿವ್ನಿ, ಇದ್ಯಾವ ದೊಡ್ಡ ಗಂಟು? ವಸಿ ದಿನ ಮೈ ಕಾಯ್ತದೆ, ಬೆವರ್ತದೆ, ಬುಟ್ಟೋಯ್ತದೆ. ಆಮೇಲೆ ಈ ಹಾಳು ಸೂಜಿ ನನ್ನ ತಾವಕ್ಕೆ ಸುಳೀಬಾರ್ದು, ಹಂಗೆ ಮಾಡ್ತೀನಿ ನೋಡು' ಎಂದು ನಿಂತುಕೊಂಡೇ ಕುಡಿದುಬಿಟ್ಟಳು. ಸೆರಗಲ್ಲಿ ಬಾಯೊರೆಸಿಕೊಂಡಳು. ನನ್ನ ಕಡೆ ತಿರುಗಿ, 'ಅಳಿಯಂದ್ರು ಇದನ್ನ ಯಾರ ಮುಂದಾದ್ರೂ ಬಾಯಿ ಬುಟ್ರೆ ಆಚೆ ಹಾಕ್ತಾರೆ, ಜ್ಞಾಪಕ ಇರ್ಲಿ' ಅಂದಳು.

ನಾನು ಬದುಕಿದೆ. ಬದುಕಿದ್ದಷ್ಟೇ ಅಲ್ಲ, ಹಗುರಾದೆ. ನಾಲಗೆ ಕೆಳಗೆ ಇಡುವ ಮಾತ್ರೆ ಕೊಟ್ಟರು, ದಿನಾ ಬೆಳಿಗ್ಗೆ ಆಸ್ಪತ್ರೆಯ ಔಷಧಿ ಕಿಟಕಿಯ ಹತ್ತಿರ ಹೋಗಿ ಅವರ ಕಣ್ಣೆದುರಿಗೇ ಇಟ್ಟುಕೊಳ್ಳಬೇಕು. ಇಟ್ಟುಕೊಂಡರೆ ಮೂಳೆಯೊಳಗಿನ ಇರುವೆ ಮಲಗುತ್ತಿತ್ತು. ಇಡೀ ವಾರ್ಡಿನಲ್ಲಿ ನನ್ನಷ್ಟು ಬೇಗ ಚೇತರಿಸಿಕೊಂಡವರಿಲ್ಲ ಎಂದು ನರ್ಸುಗಳು ಹೊಗಳಿದರು. ನಾನು ಹಲ್ಲು ಕಿರಿದು ಹೊಗಳಿಕೆ ತೆಗೆದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಮನೆಗೆ ಬಂದೆ, ಹೆಣ್ಣು ಮಗು ಹುಟ್ಟಿತು, ಮತ್ತೆ ಶಾಮಿಯಾನ ಕಟ್ಟಲು ಹೋದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಮ್ಮೂರಿನವನಲ್ಲ.

ಅತ್ತೆಯ ಜ್ವರ ಎಂದಿನಂತೆ ಬೇಗನೆ ಬಿಟ್ಟಿತು. ಹಿಂದೆಯೇ ಆಕಳಿಕೆ ಶುರುವಾಯಿತು. ಸೊಪ್ಪು ತೂಗುತ್ತಾ ಆಕಳಿಸುವಳು, ಕಣ್ಣೀರು ಸುರಿಯುವುದು, ಬಿಸಿಲಲ್ಲಿ ಮೈ ಜುಂ ಎಂದು ರೋಮ ನಿಲ್ಲುವುದು. ನೆಗಡಿ ಕಣ್ರವ್ವ ಅಂದಳು. ಇವತ್ತು ಬಿಡ್ತದೆ, ನಾಳೆ ಬಿಡ್ತದೆ ಎಂದು ಕಾದಳು. ಕಾಲು ಸೆಳೆತಕ್ಕೆ ಸೀರೆಯ ತುಂಡು ಬಿಗಿದು ಕಟ್ಟಿಕೊಂಡು ಮಲಗುತ್ತಿದ್ದಳು ಎಂದು ಮಾದೇವಿ ಹೇಳಿದಳು. ಯಾವತ್ತೂ ಸೂಜಿ ಮುಟ್ಟದ ಹೆಂಗಸು, ಅದರ ಸುಖ ಏನೆಂದೇ ಕಾಣದವಳು, ಅದಕ್ಕಾಗಿ ಒದ್ದಾಡುತ್ತಿದ್ದಳು. ನನಗಾದರೂ ಅದರ ಒಂದಿಷ್ಟು ನೆಮ್ಮದಿ ಸಿಕ್ಕಿತ್ತು, ಅವಳಿಗೆ ಬರೀ ಬೇಕು ಅನ್ನುವುದು ಮಾತ್ರ ಸಿಕ್ಕಿತು. ಕೊನೆಗೆ ಒಂದು ದಿನ ತನ್ನ ಮನೆಯ ತಪ್ಪಲೆಯನ್ನು ಮಾರಲು ಕೈಗೆತ್ತಿಕೊಂಡು, ಬಾಗಿಲವರೆಗೆ ಹೋಗಿ, ಅಲ್ಲೇ ಕುಸಿದು ಕೂತು, 'ನನ್ನನ್ನ ಆ ಡಾಕ್ಟರಮ್ಮನ ತಾವ ಕರ್ಕಂಡೋಗು' ಎಂದು ಮಗಳಿಗೆ ಹೇಳಿದಳು.

ಡಾಕ್ಟರ್ ತಬಸ್ಸುಮ್ ಅವಳ ಕಣ್ಣಿನ ಪಾಪೆ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡರು ಎಂದೇ ನನ್ನ ಲೆಕ್ಕ. ಆದರೂ ಕೇಳಲೇಬೇಕಲ್ಲ, ಕೇಳಿದರು, ಹೇಗೆ ಹತ್ತಿಕೊಂಡಿತು ಅಂತ. ಮಾದೇವಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಸೊಳ್ಳೆಯ ಚಿತ್ರ ನೋಡಿದೆ. ಅತ್ತೆಯೇ ಅಂದಳು: 'ಮಂಡಿನೋವಿಗೆ ಮಾತ್ರೆ ನುಂಗ್ತಿದ್ದೆ ಕಣಮ್ಮ. ನುಂಗ್ತಾ ನುಂಗ್ತಾ ಚಟ ಆಗೋಯ್ತು.' ಆಮೇಲೆ ತನಗೆ ನಿಜಕ್ಕೂ ತಿಳಿಯದ್ದನ್ನು ಕೇಳಿದಳು. 'ನನ್ನ ಮೈ ಒಂದ್ಸಲ ಕಂಡ ರೋಗನ ಮರೆಯಕಿಲ್ಲ. ಇದನ್ನ ಯಾಕೆ ಹೊಡೆದು ಓಡಿಸ್ತಾ ಇಲ್ಲ?'

'ಇದನ್ನೂ ಮರೆಯಲ್ಲ ಹೊಂಬಾಳಮ್ಮ' ಎಂದರು ಡಾಕ್ಟರು. 'ಜ್ವರನ ನೆನಪಿಟ್ಕೊಳ್ಳೋದು ಬಂದ್ರೆ ಹೊಡೆಯೋಕೆ. ಇದನ್ನ ನೆನಪಿಟ್ಕೊಳ್ಳೋದು ವಾಪಸ್ ಕರೆಯೋಕೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ದಿನಾ ಬನ್ನಿ, ಮಾತ್ರೆ ಇಟ್ಕೊಳ್ಳಿ, ಹೊಲಿಗೆ ಹಾಕಿದ ಹಾಗೆ ನಿಧಾನಕ್ಕೆ ಕೂಡ್ಕೊಳುತ್ತೆ.'

ಅತ್ತೆ ಮಾತ್ರೆಗೆ ನಾಲಗೆ ಎತ್ತಿದಳು.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮುದುಕಿಗೆ ಮಾತ್ರೆಯ ಚಟವಂತೆ, ಅಳಿಯ ಬಿಟ್ಟ, ಅತ್ತೆ ಹಿಡಿದಳು ಎಂದು ನಕ್ಕರು. ಯಾರೂ ಅವಳನ್ನು ಪಾಲಿಗೆ ಕರೆಯಲಿಲ್ಲ. ಅವಳು ಕುಡಿದರೆ ಕರೆದವರಿಗೇನೂ ಆಗುವುದಿಲ್ಲ, ಜ್ವರ ಒಂದೇ ಕಡೆ ಹರಿಯುವುದು, ಆದರೂ ಕರೆಯಲಿಲ್ಲ. ಅವಳ ಸೊಪ್ಪನ್ನು ಮೂಸಿ ನೋಡಿ ತೆಗೆದುಕೊಳ್ಳತೊಡಗಿದರು. ಸೊಪ್ಪನ್ನು! ದಂಟಿನ ಸೊಪ್ಪಿಗೆ ಚಟ ಹತ್ತುತ್ತದೆಯೇ? ನನಗೆ ರೇಗುತ್ತಿತ್ತು, ಬಾಯಿ ಬಿಡಲು ಮಾತ್ರ ಆಗುತ್ತಿರಲಿಲ್ಲ. ಬಿಟ್ಟರೆ ನನ್ನ ಮಾತ್ರೆ ನಿಲ್ಲುತ್ತದೆ. ಅದು ನೆಪವಲ್ಲ, ನಿಜವೇ. ಆದರೆ ಜನ ನನ್ನನ್ನು ಮತ್ತೆ ಬೋರೇಶಣ್ಣ ಅನ್ನತೊಡಗಿದ್ದರು, ಅದೂ ನಿಜ.

ಒಂದು ಬೆಳಿಗ್ಗೆ ಕಿಟಕಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಹಿಂದೆ ನಾಲ್ಕಾರು ಜನ ಬಿಟ್ಟು ಅತ್ತೆ, ಸೆರಗು ಹೊದ್ದುಕೊಂಡು. ನಮ್ಮ ಶಾಮಿಯಾನದ ಮೇಸ್ತ್ರಿ ಪಾಪಣ್ಣ ಆಸ್ಪತ್ರೆಯ ಅಂಗಳಕ್ಕೆ ತಗಡು ಹೊದಿಸಲು ಬಂದವನು ನನ್ನ ಹತ್ತಿರ ನಿಂತು, 'ಅಲ್ಲ ಬೋರೇಶಣ್ಣ, ಅದು ನಿಮ್ಮತ್ತೆ ಅಲ್ವಾ? ಎಂಥ ಹೆಂಗಸು ಏನಾಗೋದ್ಳು!' ಅಂದ. ಸುಮ್ಮನಿದ್ದರೂ ಆಗುತ್ತಿತ್ತು. ತಲೆಯಾಡಿಸಿದ್ದರೂ ಆಗುತ್ತಿತ್ತು. ನಾನು ನಿಟ್ಟುಸಿರು ಬಿಟ್ಟು, 'ಏನ್ ಮಾಡೋದು ಪಾಪಣ್ಣ. ಅಷ್ಟೊಂದು ನುಂಗಬೇಡಿ ಅಂತ ನಾನೇ ಬಡ್ಕೊಂಡೆ. ಕೇಳಬೇಕಲ್ಲ' ಎಂದೆ. ಆ ನಿಟ್ಟುಸಿರು ಎಲ್ಲಿಂದ ಬಂತು ನನಗೆ? ಯಾರೂ ಕೇಳಿರಲಿಲ್ಲ ಅದನ್ನು.

ಹಿಂದಿನಿಂದ ಅತ್ತೆಯ ದನಿ ಬಂತು. 'ಹೂಂ ಕಣಪ್ಪ ಮೇಸ್ತ್ರಿ. ನಮ್ಮಳಿಯಂದ್ರು ಬೇಡ ಬೇಡ ಅಂದ್ರು. ನಾನೇ ಕೇಳ್ನಿಲ್ಲ.'

ನಾನು ತಿರುಗಿ ನೋಡಲಿಲ್ಲ. ಕಿಟಕಿ ಬಂತು, ನಾಲಗೆ ಎತ್ತಿದೆ, ಮಾತ್ರೆ ಇಟ್ಟರು. ಅದು ಕರಗುವವರೆಗೂ ಎಂಜಲು ನುಂಗಬಾರದು. ಅವತ್ತು ನನಗೆ ನುಂಗಲು ಬೇರೆ ಎಷ್ಟೋ ಇತ್ತು.

ಮಗು ಮಗುಚಿಕೊಳ್ಳುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಅನ್ನುತ್ತಿತ್ತು. ವಾರ್ಡಿಗೆ ಬರುವುದಿಲ್ಲ ಎಂದಳು. ಡಾಕ್ಟರ್ ತಬಸ್ಸುಮ್ ಮನೆಗೇ ಬಂದು ಔಷಧಿ ಚುಚ್ಚಿ, ಹೊರಗೆ ಬಂದು ನನ್ನನ್ನೂ ಮಾದೇವಿಯನ್ನೂ ಕರೆದರು. 'ಮುಂಚಿನ ಮೈ ಆಗಿದ್ರೆ ನಾನು ಯೋಚನೆ ಮಾಡ್ತಿರ್ಲಿಲ್ಲ. ಈ ಚಟ ಅವರ ಕಾವಲನ್ನ ಸವೆಸಿದೆ. ಔಷಧಿ ಒಂದರಿಂದಲೇ ಆಗಲ್ಲ, ಇನ್ನೊಂದು ಮೈ ಬೇಕು. ಮನೇಲಿರೋದ್ರಿಂದ ದಾರ ಕಟ್ಟೋದು ನನಗೆ ಬಿಟ್ಟಿದ್ದು. ನಾನು ಕಟ್ಟಲ್ಲ' ಎಂದರು. ಕುಡಿದವರಿಗೆ ಚಟವೂ ಬರುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. 'ಈಗಾಗ್ಲೇ ಬಿಟ್ಟವರು ಕುಡಿದ್ರೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಇವತ್ತು ಸಂಜೆ ಒಳಗೆ ಯಾರಾದ್ರೂ ಕುಡೀಬೇಕು.' ಯಾರ ಮುಖವನ್ನೂ ನೋಡದೆ ಹೇಳಿ ಹೊರಟುಹೋದರು.

ಮರ್ಯಾದಸ್ಥನಾಗಿದ್ದರೆ ಅಲ್ಲಿಂದಲೇ ಒಳಗೆ ಹೋಗಿ ಬಟ್ಟಲು ಎತ್ತುತ್ತಿದ್ದೆ. ನಾನು ಮಾದೇವಿಗೆ, 'ವಸಿ ಟೀ ಕುಡ್ಕಂಡ್ ಬತ್ತೀನಿ' ಎಂದೆ.

ಅತ್ತೆಯ ಮನೆಯೆದುರಿಗೆ, ರಸ್ತೆಯ ಆಚೆ ಬದಿಗೆ ಟೀ ಅಂಗಡಿ. ಅಲ್ಲೇ ಕಂಬದ ಹಿಂದೆ ನಿಂತೆ. ಮಾದೇವಿ ಮಗುವನ್ನು ಎತ್ತಿಕೊಂಡು ನಮ್ಮ ಮನೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದು, ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟು, ಮತ್ತೆ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡಳು. ಬಟ್ಟಲಿನಿಂದ ಹಬೆ ಏಳುತ್ತಿದ್ದದ್ದು ಇಲ್ಲಿಗೂ ಕಾಣುತ್ತಿತ್ತು. ಬೀದಿಯ ಜನ ಹಾಯ್ದು ಹೋದರು. ಅವಳು ಪಾಲು ಕುಡಿದು ಬದುಕಿಸಿದ್ದ ಹೂವಿನ ಪುಟ್ಟಮ್ಮ ಬಟ್ಟಲು ನೋಡಿ, ಕೈ ಮುಗಿದು, ಆಚೆ ಬದಿಗೆ ದಾಟಿ ನಡೆದಳು. ಎಳವೆಯಲ್ಲಿ ಅವಳ ದಯೆಯಿಂದ ಉಳಿದ ಕುಂಬಾರರ ಪೈಲ್ವಾನ ಸೈಕಲ್ ಇಳಿದು, ನಿಂತು, ಮತ್ತೆ ಹತ್ತಿದ. ಕೃತಘ್ನ ಮುಂಡೇವು ಎಂದು ನಾನು ಕಂಬದ ಹಿಂದೆ ಹಲ್ಲು ಕಡಿದೆ. ಒಬ್ಬೊಬ್ಬರು ಬಾಗಿಲ ಹತ್ತಿರ ಬಂದಾಗಲೂ, ದೇವರೇ ಇವರು ಕುಡಿಯಲಿ, ಇವರು ಕುಡಿಯಲಿ ಎಂದು ಹರಕೆ ಹೊತ್ತೆ. ಒಂದು ಟೀ ಆಯಿತು, ಇನ್ನೊಂದು ಆಯಿತು. ಹಬೆ ನಿಂತಿತು. ನಾನು ನನ್ನ ಮಗಳ ಬಗ್ಗೆ ಯೋಚಿಸಿದೆ, ಸೂಜಿಯ ಅಪ್ಪ ಅವಳಿಗೆ ಬೇಡ ಅಂದುಕೊಂಡೆ. ಎಂಥ ಒಳ್ಳೆಯ ಯೋಚನೆ ನೋಡಿ! ಅದರ ಕೆಳಗೆ ಇದ್ದದ್ದು ಬರೀ ಹೆದರಿಕೆ. ಆ ಇರುವೆಗಳು ಮತ್ತೆ ಮೂಳೆಗೆ ಬರುತ್ತವೆ ಅನ್ನುವ ಹೆದರಿಕೆ. ಅದಕ್ಕಿಂತ ಹೇಸಿಗೆಯದೂ ಒಂದಿತ್ತು. ಬಟ್ಟಲನ್ನು ನೋಡನೋಡುತ್ತ ನನ್ನೊಳಗೆ ಯಾವುದೋ ಒಂದು, ಬರಲಿ ಬಿಡು, ಆಗ ಸೂಜಿಗೊಂದು ಕಾರಣವಾದರೂ ಸಿಗುತ್ತದೆ ಎಂದು ಬಾಲ ಅಲ್ಲಾಡಿಸುತ್ತಿತ್ತು.

ಬಿಸಿಲು ಇಳಿಯತೊಡಗಿದಾಗ ಮಾದೇವಿ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಹಾಲಿನ ಬಾಟಲಿ. ಬಾಟಲಿ ಹೊಸದು. ಅದನ್ನು ಕಂಡ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಎದೆಹಾಲು ಬಿಡಿಸಿ ಹಸುವಿನ ಹಾಲು ಹಾಕುವುದು ಎಂದು ನಿರ್ಧಾರ ಮಾಡಿ, ಅಂಗಡಿಗೆ ಹೋಗಿ, ಆರಿಸಿ, ಕುದಿಸಿ ತಂದಿದ್ದಾಳೆ. ನಾನು ಟೀ ಕುಡಿಯುತ್ತಾ ನಿಂತಿದ್ದ ಹೊತ್ತಿನಲ್ಲಿ. ಮಗುವನ್ನು ಪಕ್ಕದ ಜಗಲಿಯ ಮೇಲೆ ಕೂತಿದ್ದ ಅಜ್ಜಿಯ ಮಡಿಲಿಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಕಡೆಗೆ ಬಗ್ಗಿದಳು.

ನಾನು ಓಡಿದೆ. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಒಂದು ಆಟೋದವನು ಬೈದ. ಅವಳ ಬೆರಳು ಬಟ್ಟಲಿಗೆ ತಾಗುವ ಮೊದಲು ಅದನ್ನು ಎಳೆದುಕೊಂಡೆ. ಮಾದೇವಿ ನನ್ನನ್ನು ತಡೆಯಲಿಲ್ಲ, ಮುಖವನ್ನೂ ನೋಡಲಿಲ್ಲ. ಸಿಕ್ಕಿಸಿದ್ದ ಸೆರಗು ಬಿಟ್ಟುಕೊಂಡು ಹಿಂದೆ ಸರಿದಳು. ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬಟ್ಟಲನ್ನು ಬಾಯಿಗೆ ಇಟ್ಟೆ. ಗಂಜಿ ಆರಿ ಕೆನೆ ಕಟ್ಟಿತ್ತು. ಕೆನೆ ತುಟಿಗೆ ಅಂಟಿತು. ಎರಡು ಗುಟುಕು ಕುಡಿದು, ಬಟ್ಟಲು ಇಳಿಸಿ ಉಸಿರೆಳೆದುಕೊಂಡೆ.

ಒಳಗಿನ ಕತ್ತಲಲ್ಲಿ ಚಾಪೆಯ ಮೇಲಿಂದ ಅತ್ತೆ ನನ್ನನ್ನೇ ನೋಡುತ್ತಿದ್ದಳು. ಮಲಗಿದ ಜಾಗದಿಂದ ಬಾಗಿಲು ನೇರ, ಬಾಗಿಲಿನಿಂದ ರಸ್ತೆ ನೇರ, ರಸ್ತೆಯಾಚೆಗೆ ಟೀ ಅಂಗಡಿ.

'ಗಂಜಿ ಆರೋಗದಾ?' ಎಂದಳು. ಉಸಿರಿನ ನಡುವೆ ಮಾತು ತುಂಡಾಗುತ್ತಿತ್ತು.

'ಹೂಂ' ಅಂದೆ.

'ಬಿಸೀದೇ ಮಡಗಿದ್ದೆ.' ಒಂದಷ್ಟು ಹೊತ್ತು ಎದೆ ಗೊರಗುಟ್ಟಿತು. 'ಅಳಿಯಂದ್ರೇ, ಕಂಬದ ಹಿಂದೆ ನಿಂತ್ರೆ ಹೊಟ್ಟೆ ಮರೆಯಾಗಕಿಲ್ಲ.'

ನಾನು ತಲೆ ಎತ್ತಲಿಲ್ಲ. ಬಟ್ಟಲಲ್ಲಿ ಇನ್ನೂ ಇತ್ತು. ಅವಳು ನೋಡುತ್ತಿದ್ದ ಹಾಗೆಯೇ ಕುಡಿದೆ.